ಗೊಡ್ಡೆಂದು ಹೇಳುವ ಮೊದಲು

ನಮ್ಮ ಜತ್ತ ಸೀಮೆಯಲ್ಲಿ ಎರಡು ಮೂರು ಸಲ ಹೋರಿಗೆ ಬಿಟ್ಟರೂ ಆಕಳು ಗಬ್ಬ ಕಟ್ಟದಿದ್ದರೆ ಅದಕ್ಕೆ ‘ಗೊಡ್ಡು’ ಎಂಬ ಹೆಸರು ಬಿದ್ದೇ ಹೋಗುತ್ತದೆ. ಮುಂದಿನ ಸಂತೆಯಲ್ಲಿ ಅದರ ಹಗ್ಗ ಪರರ ಕೈಸೇರುತ್ತದೆ. ನಾವೂ ಹೀಗೆಯೇ ಮಾಡಿದವರು. ಮನೆಯ ಖಿಲಾರಿ ಆಕಳೊಂದನ್ನು ಗೊಡ್ಡೆಂದು ಅರ್ಧ ಬೆಲೆಗೆ ಮಾರಿದೆವು. ಕೊಂಡವರ ಮನೆಯಲ್ಲಿ ಅದು ವರ್ಷ ತುಂಬುವುದರೊಳಗೆ ಕರು ಹಾಕಿತು. ನಾವು ಬಿಟ್ಟಿದ್ದ ಊರ ಹೋರಿಯಾದರೋ ಆಗತಾನೆ ಕಾಲುಬಾಯಿ ಬೇನೆಯಿಂದ ಎದ್ದಿತ್ತು. ಇದನ್ನು ನಾವು ಆಗ ಎಣಿಸಲೇ ಇಲ್ಲ.

ಬೇನೆ ಗುಣವಾಗಿ ಮೈದುಂಬಿ ನಿಂತ ಹೋರಿಯಲ್ಲಿ ದೋಷವೆಲ್ಲಿಯದು ಎಂದು ಕೇಳಬಹುದು. ಇದಕ್ಕೆ ಉತ್ತರ ಸೂಕ್ಷ್ಮದರ್ಶಕ ಯಂತ್ರದಲ್ಲಿದೆ. ಹೋರಿಯ ವೃಷಣದ ತೆಳುವಾದ ಪದರಕ್ಕೆ ಬಣ್ಣ ಹಾಕಿ ನೋಡಿದರೆ ದುಂಡಗಿನ ನಾಳಗಳು ಕಾಣುತ್ತವೆ. ನಾಳದ ಅಂಚಿನಲ್ಲಿ ತಾಯಿಕೋಶಗಳ ಸಾಲು. ಅವು ಒಡೆದೊಡೆದು ಒಳಕ್ಕೆ ಸರಿಯುತ್ತ, 60 ವರ್ಣತಂತುಗಳಿದ್ದುದು 30ಕ್ಕೆ ಇಳಿದು, ನಡುವಿಗೆ ಬರುವ ಹೊತ್ತಿಗೆ ಬಾಲವುಳ್ಳ ವೀರ್ಯಾಣುಗಳಾಗುತ್ತವೆ. ಇದಕ್ಕೆ ಸುಮಾರು 61 ದಿನ ಬೇಕು. ಬಳಿಕ ಪಕ್ಕದ ಸುರುಳಿನಾಳದಲ್ಲಿ ಪಕ್ವವಾಗಲು ವಾರಕ್ಕಿಂತ ಹೆಚ್ಚು. ವೃಷಣವು ಮೈಕಾವಿಗಿಂತ ಕೆಲವು ಡಿಗ್ರಿ ತಂಪಾಗಿದ್ದರೇನೇ ಈ ಬೆಳೆ ಸರಿಯಾಗಿ ಬರುವುದು. ಆದುದರಿಂದ ಜ್ವರ ಇಳಿದ ಮೇಲೂ ಎರಡು ತಿಂಗಳವರೆಗೆ ಕೆಟ್ಟ ಬೆಳೆಯೇ ಹೊರಬರಬಹುದು.

ಆಕಳಿನ ಲೆಕ್ಕ ಬೇರೆ. ಅದರ ಅಂಡಾಣುಗಳ ಗಂಟು ತಾಯ ಹೊಟ್ಟೆಯಲ್ಲಿರುವಾಗಲೇ ಕಟ್ಟಿಟ್ಟದ್ದು. ಸುಮಾರು 21 ದಿನಗಳಿಗೊಮ್ಮೆ, ಸಾಮಾನ್ಯವಾಗಿ ಒಂದೇ ಒಂದು ಅಂಡಾಣು ಪಕ್ವವಾಗಿ, ಬೆದೆ ಇಳಿದ 10-12 ತಾಸಿಗೆ ಹೊರಬೀಳುತ್ತದೆ. ಅದರ ಬಾಳು ಕೆಲವೇ ತಾಸಿನದು. ಅದಕ್ಕಾಗಿಯೇ ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹೋರಿಗೆ ಬಿಡತಕ್ಕದ್ದು, ಇಲ್ಲವೆ ಸೂಜಿ ಹಾಕಿಸತಕ್ಕದ್ದು.

ವೀರ್ಯಾಣುಗಳನ್ನು ಹಾಲೆಂಡಿನ ಲೇವನ್‌ಹುಕ್ 1677ರಲ್ಲಿಯೇ ಕಂಡನು. ಸಸ್ತನಿಯ ಅಂಡಾಣುವನ್ನು ಫಾನ್ ಬೇರ್ ಎಂಬ ಪಂಡಿತನು ನಾಯಿಯ ಅಂಡಾಶಯದಲ್ಲಿ ಗುರುತಿಸಿದ್ದು 1827ರಲ್ಲಿ. ಪಂಡಿತರಿಗೇ 150 ವರ್ಷ ಹಿಡಿದ ಗುಟ್ಟಿನ ಮೇಲೆ ನಾವು ಮೂರು ತಿಂಗಳಲ್ಲಿ ತೀರ್ಪು ಕೊಡುವುದು ಸರಿಯೆ?

ಹೋರಿಯನ್ನು ಪರೀಕ್ಷೆ ಮಾಡಿಸೆಂದರೆ ಒಡೆಯನಿಗೆ ಅವಮಾನವಾಗುತ್ತದೆಂದು ಹಲವರು ಹಿಂಜರಿಯುತ್ತಾರೆ. ಬಿತ್ತುವ ಮೊದಲು ಜೋಳದ ಬೀಜವನ್ನು ಒದ್ದೆ ಅರಿವೆಯಲ್ಲಿ ಕಟ್ಟಿ ಮೊಳಕೆ ನೋಡುವುದಿಲ್ಲವೆ? ಅದರಿಂದ ಬೀಜಕ್ಕೆ ಅವಮಾನವೆ? ಊರಿಗೆಲ್ಲ ಬೀಜ ಕೊಡುವ ಹೋರಿಯ ವೀರ್ಯದ ಒಂದು ಹನಿಯನ್ನು ದನದ ಡಾಕ್ಟರರು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಗತ್ಯವೆಂಬುದೇ ನಮ್ಮ ಮತ. ಜ್ವರದಿಂದೆದ್ದ ಹೋರಿಗೆ ಎರಡು ಮೂರು ತಿಂಗಳು ಬಿಡುವಿರಲಿ. ಮೂರು ಸಲ ಗಬ್ಬ ನಿಲ್ಲದ ಆಕಳಿನ ಗರ್ಭಕೋಶವನ್ನೂ ತೋರಿಸಿರಿ. ಆಮೇಲೆ ಸಂತೆಯ ಮಾತು.

ಕೊನೆಗೊಂದು ಮಾತು. ಮಕ್ಕಳಾಗದ ಮನೆಯಲ್ಲಿಯೂ ನಮ್ಮ ಬೆರಳು ಮೊದಲು ಸೊಸೆಯ ಕಡೆಗೇ ತಿರುಗುತ್ತದೆ. ಕಾರಣ ಗಂಡನಲ್ಲಿಯೂ ಇರಬಹುದು, ಇಬ್ಬರಲ್ಲಿಯೂ ಇರಬಹುದು. ಆಕಳನ್ನು ಮಾರಿ ನಾವು ಕಳೆದುಕೊಂಡದ್ದು ಒಂದು ಕರು. ಸೊಸೆಗೆ ‘ಬಂಜೆ’ ಎಂದ ಮನೆಯವರು ಕಳೆದುಕೊಳ್ಳುವುದಕ್ಕೆ ಬೆಲೆ ಕಟ್ಟುವವರಾರು?