ಸಂಬಳದ ಜೊತೆಗೆ ಬೇಸಿಕ್ ಎಷ್ಟೆಂದೂ ಕೇಳಿ

ಊರಿನಿಂದ ದುಬೈ, ಶಾರ್ಜಾಕ್ಕೆ ಬರುವ ಫೋನುಗಳಲ್ಲಿ ಈಚೆಗೆ ಒಂದು ಪ್ರಶ್ನೆ ಹೆಚ್ಚಾಗಿದೆ. 'ಮಗನಿಗೆ ಅಲ್ಲಿ ಐದು ಸಾವಿರ ದಿರ್ಹಮ್ ಕೊಡುತ್ತಾರಂತೆ. ಇಲ್ಲಿ ಎಸ್‌ಡಿಎ ಪರೀಕ್ಷೆಗೂ ಓದುತ್ತಿದ್ದಾನೆ. ಯಾವುದು ಒಳ್ಳೆಯದು?' ಕೇಳುವ ತಂದೆ ತಾಯಿ ದಿರ್ಹಮ್ಮನ್ನು ರೂಪಾಯಿಗೆ ತಿರುಗಿಸಿ ಇಟ್ಟುಕೊಂಡೇ ಕೇಳುತ್ತಾರೆ. ದಿರ್ಹಮ್ಮಿಗೆ 23 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 1 ಲಕ್ಷ 15 ಸಾವಿರ. ದ್ವಿತೀಯ ದರ್ಜೆ ಸಹಾಯಕರ ಆರಂಭದ ಮೂಲವೇತನ 34,100. ಉತ್ತರ ಗೊತ್ತಿದ್ದೇ ಕೇಳುತ್ತಾರೆ, ನಾವು ಹೌದು ಎನ್ನಬೇಕು ಅಷ್ಟೆ.

ನಾವು ಇಲ್ಲಿ ಲೆಕ್ಕ ಬರೆದು ಬದುಕುವವರು. ಆದ್ದರಿಂದ ಹೌದು ಎನ್ನುವ ಮೊದಲು ಎರಡೂ ಕಡೆಯ ಪಟ್ಟಿಯನ್ನು ಪೂರ್ತಿ ಬರೆಯಬೇಕು ಎನ್ನುತ್ತೇವೆ. ಸರ್ಕಾರಿ ಕೆಲಸದ ಸಂಬಳಚೀಟಿಯಲ್ಲಿ ಕಾಣುವುದು ಕಡಿಮೆ, ಕಾಣದೆ ಇರುವುದು ಹೆಚ್ಚು. ಕೊಲ್ಲಿಯ ಖಾಸಗಿ ಕೆಲಸದಲ್ಲಿ ಬಹುತೇಕ ಎಲ್ಲವೂ ಕೈಗೆ ಬಂದ ಹಣವೇ. ಅದರಾಚೆ ಇರುವುದು ತುಂಬ ಸ್ವಲ್ಪ, ಆ ಸ್ವಲ್ಪವೂ ಒಂದೇ ಒಂದು ಅಂಕಿಯ ಮೇಲೆ ನಿಂತಿದೆ. ಆ ಅಂಕಿಯನ್ನು ಊರಿನ ಮನೆಗಳಲ್ಲಿ ಯಾರೂ ಕೇಳುವುದಿಲ್ಲ ಎಂಬುದೇ ನಮ್ಮ ತಕರಾರು.

ಅದು ಬೇಸಿಕ್. ಆಫರ್ ಲೆಟರಿನಲ್ಲಿ 'ಒಟ್ಟು 5,000' ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬೇಸಿಕ್, ವಸತಿ, ಪ್ರಯಾಣ, ಇತರೆ ಎಂದು ನಾಲ್ಕು ಸಾಲು. ಬೇಸಿಕ್ ಎರಡು ಸಾವಿರವೋ ಮೂರು ಸಾವಿರವೋ ಎಂಬುದರಿಂದ ತಿಂಗಳ ಕೊನೆಯಲ್ಲಿ ಬ್ಯಾಂಕಿಗೆ ಬೀಳುವ ಮೊತ್ತದಲ್ಲಿ ಒಂದು ದಿರ್ಹಮ್ ವ್ಯತ್ಯಾಸವೂ ಆಗುವುದಿಲ್ಲ. ಅದಕ್ಕೇ ಅದರತ್ತ ಯಾರ ಕಣ್ಣೂ ಹೋಗುವುದಿಲ್ಲ. ಕಂಪನಿಯ ಲೆಕ್ಕದವರ ಕಣ್ಣು ಮಾತ್ರ ಮೊದಲು ಹೋಗುವುದೇ ಅಲ್ಲಿಗೆ.

ಯುಎಇಯಲ್ಲಿ 2022ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಅಂದರೆ ನಮ್ಮವರು 'ಸೆಟ್ಲ್‌ಮೆಂಟ್' ಎಂದು ಕರೆಯುವ ಹಣದ ಮುಖ್ಯ ಭಾಗ, ಹೀಗೆ ಲೆಕ್ಕವಾಗುತ್ತದೆ. ಒಂದು ವರ್ಷ ಪೂರೈಸಿರಬೇಕು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆ ಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಒಟ್ಟು ಎರಡು ವರ್ಷದ ಸಂಬಳವನ್ನು ಮೀರುವಂತಿಲ್ಲ. ಲೆಕ್ಕಕ್ಕೆ ಹಿಡಿಯುವುದು ಕೊನೆಯ ಬೇಸಿಕ್.

ಇಪ್ಪತ್ತು ವರ್ಷ ದುಡಿದವರದ್ದನ್ನು ಕೂಡಿ ನೋಡೋಣ. ಮೊದಲ ಐದು ವರ್ಷಕ್ಕೆ 105 ದಿನ, ಉಳಿದ ಹದಿನೈದಕ್ಕೆ 450 ದಿನ, ಒಟ್ಟು 555 ದಿನ. ತಿಂಗಳಿಗೆ 30 ದಿನದಂತೆ ಹಿಡಿದರೆ, ಬೇಸಿಕ್ 2,000 ಇದ್ದವರಿಗೆ 37,000 ದಿರ್ಹಮ್. ಬೇಸಿಕ್ 3,000 ಇದ್ದವರಿಗೆ 55,500. ನಮ್ಮ ರೂಪಾಯಿಯಲ್ಲಿ ಒಬ್ಬರಿಗೆ ಎಂಟೂವರೆ ಲಕ್ಷ, ಇನ್ನೊಬ್ಬರಿಗೆ ಹನ್ನೆರಡೂ ಮುಕ್ಕಾಲು ಲಕ್ಷ. ಇಬ್ಬರೂ ಇಪ್ಪತ್ತು ವರ್ಷ ಒಂದೇ ಸಂಬಳ ಪಡೆದವರು, ಒಂದೇ ಕೆಲಸ ಮಾಡಿದವರು. ಇಪ್ಪತ್ತು ವರ್ಷದಲ್ಲಿ ಸಂಬಳ ಏರುವುದಿಲ್ಲವೇ ಎನ್ನಬಹುದು. ಏರುತ್ತದೆ, ಆದರೆ ಎಷ್ಟೋ ಕಂಪನಿಗಳಲ್ಲಿ ಆ ಏರಿಕೆ 'ಇತರೆ ಭತ್ಯೆ'ಯ ಸಾಲಿಗೆ ಸೇರುತ್ತದೆ, ಬೇಸಿಕ್ ಇದ್ದಲ್ಲೇ ಇರುತ್ತದೆ. ಇದು ಕಾನೂನುಬಾಹಿರ ಅಲ್ಲ. ನಾವು ಕೇಳುವುದಿಲ್ಲ, ಅವರು ಕೊಡುವುದಿಲ್ಲ.

ಗ್ರಾಚ್ಯುಟಿ ಒಂದೇ ಅಲ್ಲ. ಕೆಲಸ ಬಿಡುವಾಗ ಉಳಿದಿರುವ ರಜೆಯ ಹಣ ಬೇಸಿಕ್ ಮೇಲೆ. ಓವರ್‌ಟೈಮ್ ಬೇಸಿಕ್ ಮೇಲೆ. 2023ರ ಜನವರಿಯಿಂದ ಬಂದ ಉದ್ಯೋಗನಷ್ಟ ವಿಮೆಯೂ ಬೇಸಿಕ್ ಮೇಲೆಯೇ. ಬೇಸಿಕ್ 16,000ದವರೆಗೆ ಇರುವವರು ತಿಂಗಳಿಗೆ 5 ದಿರ್ಹಮ್ ಕಟ್ಟುತ್ತಾರೆ. ತಾವಾಗಿ ಬಿಡದೆ, ಶಿಸ್ತುಕ್ರಮದ ಕಾರಣವಿಲ್ಲದೆ ಕೆಲಸ ಹೋದರೆ, ಕನಿಷ್ಠ ಹನ್ನೆರಡು ತಿಂಗಳು ಕಂತು ಕಟ್ಟಿದ್ದರೆ, ಬೇಸಿಕ್‌ನ ಶೇ 60ರಷ್ಟು ಹಣ ಹೆಚ್ಚೆಂದರೆ ಮೂರು ತಿಂಗಳು ಬರುತ್ತದೆ. ಐದು ಸಾವಿರ ಸಂಬಳದವರಿಗೆ ಮೂರು ಸಾವಿರ ಬರುತ್ತದೆ ಎಂದು ಮನೆಯವರು ನಂಬಿರುತ್ತಾರೆ. ಬರುವುದು 1,200.

ಈಗ ಊರಿನ ಸರ್ಕಾರಿ ಕೆಲಸದ ಕಡೆ. ವಿಧಾನಸೌಧದ ಮುಂದೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿದ್ದಾರೆ, ನಮ್ಮ ಹಿರಿಯರು ಅದನ್ನು 'ಸರ್ಕಾರಿ ಕೆಲಸ ಸಿಕ್ಕಿದರೆ ದೇವರು ಸಿಕ್ಕಂತೆ' ಎಂದು ಓದಿಕೊಂಡರು. ಆ ನಂಬಿಕೆಯ ಒಂದು ಭಾಗ ಹಳತಾಗಿದೆ. ನಿವೃತ್ತರಾದಾಗ ಕೊನೆಯ ಸಂಬಳದ ಅರ್ಧ ಪಿಂಚಣಿಯಾಗಿ ಬರುವ ವ್ಯವಸ್ಥೆ 2006ರ ಏಪ್ರಿಲ್ 1ರಿಂದ ಸೇರಿದ ರಾಜ್ಯ ನೌಕರರಿಗೆ ಇಲ್ಲ, ಅವರು ಎನ್‌ಪಿಎಸ್‌ನಲ್ಲಿದ್ದಾರೆ. ಹಳೆ ಪಿಂಚಣಿ ಮರಳಿ ಕೊಡಿ ಎಂದು ಅವರು ಬೀದಿಗಿಳಿದದ್ದನ್ನು ನೀವು ಇದೇ ಪತ್ರಿಕೆಯಲ್ಲಿ ಓದಿದ್ದೀರಿ. ಆದ್ದರಿಂದ ಅಜ್ಜನ ಪಿಂಚಣಿ ನೋಡಿ ಮೊಮ್ಮಗನ ಕೆಲಸ ತೂಗಬಾರದು.

ಹಾಗೆಂದು ಎನ್‌ಪಿಎಸ್ ಕಡೆಗಣಿಸುವಂಥದ್ದೂ ಅಲ್ಲ. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾದ ಮೇಲೆ ರಾಜ್ಯದಲ್ಲಿ ಕನಿಷ್ಠ ಮೂಲವೇತನವೇ 17,000ದಿಂದ 27,000ಕ್ಕೆ ಏರಿದೆ. ಎನ್‌ಪಿಎಸ್ ನೌಕರರ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10 ಸಂಬಳದಿಂದ ಕಡಿತವಾಗುತ್ತದೆ, ಸರ್ಕಾರ ಶೇ 14 ಸೇರಿಸುತ್ತದೆ. ತುಟ್ಟಿಭತ್ಯೆ ಬಿಟ್ಟು ಬರೀ 34,100ರ ಮೇಲೆ ಲೆಕ್ಕ ಹಾಕಿದರೂ ನೌಕರನದ್ದು 3,410, ಸರ್ಕಾರದ್ದು 4,774, ಕೂಡಿ ತಿಂಗಳಿಗೆ 8,184 ರೂಪಾಯಿ. ಅದು ಅವನ ಹೆಸರಿನ ಖಾತೆಗೆ ಹೋಗುತ್ತದೆ, ಅವನು ಸುಲಭವಾಗಿ ಮುಟ್ಟುವಂತಿಲ್ಲ. ತಂಗಿಯ ಮದುವೆಗೆ, ಕಾರಿಗೆ, ಮನೆಯ ಎರಡನೇ ಮಹಡಿಗೆ ಕೈ ಹಾಕುವಂತಿಲ್ಲದ ಹಣ ಎಂಬುದೇ ಅದರ ದೊಡ್ಡ ಗುಣ. ಇದೇ ಮೊತ್ತ ಪ್ರತಿ ತಿಂಗಳು ಬಿದ್ದು ವರ್ಷಕ್ಕೆ ಶೇ 8ರಂತೆ ಬೆಳೆದರೆ ಮೂವತ್ತು ವರ್ಷಕ್ಕೆ 1 ಕೋಟಿ 20 ಲಕ್ಷ ದಾಟುತ್ತದೆ. ಶೇ 8 ಎಂಬುದು ಲೆಕ್ಕಕ್ಕೆ ಹಿಡಿದದ್ದು, ಯಾರೂ ಭರವಸೆ ಕೊಟ್ಟದ್ದಲ್ಲ. ಆದರೂ ಎಂಟೂವರೆ ಲಕ್ಷದ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ.

ಇದರ ಮೇಲೆ ನಿವೃತ್ತಿಯ ವಯಸ್ಸು 60ರವರೆಗೆ ಕೆಲಸ ಇದ್ದೇ ಇರುತ್ತದೆ ಎಂಬ ಧೈರ್ಯ. ಸೇವೆಯಲ್ಲಿದ್ದಾಗಲೇ ಏನಾದರೂ ಆದರೆ ಅನುಕಂಪದ ಆಧಾರದಲ್ಲಿ ಮನೆಯ ಒಬ್ಬರಿಗೆ ನೌಕರಿ ಕೇಳಲು ದಾರಿ ಇದೆ. ಕೊಲ್ಲಿಯಲ್ಲಿ ಹಾಗಾದರೆ ಕಾನೂನು ಕಂಪನಿಯ ಮೇಲೆ ಎರಡು ಹೊಣೆ ಹೊರಿಸಿದೆ, ದೇಹವನ್ನು ಊರಿಗೆ ಕಳಿಸುವ ಖರ್ಚು ಮತ್ತು ಬಾಕಿ ಹಣವನ್ನು ಕುಟುಂಬಕ್ಕೆ ಪಾವತಿಸುವುದು. ಅಲ್ಲಿಗೆ ಸಂಬಂಧ ಮುಗಿಯಿತು. ಜೊತೆಗಿದ್ದ ಹೆಂಡತಿ ಮಕ್ಕಳ ವೀಸಾ ನಿಂತಿದ್ದೂ ಅದೇ ಕೆಲಸದ ಮೇಲೆ.

'ಹಾಗಾದರೆ ಅಲ್ಲಿನ ಸರ್ಕಾರಿ ಕೆಲಸಕ್ಕೇ ಸೇರಿದರೆ?' ಎಂದೂ ಕೆಲವರು ಕೇಳುತ್ತಾರೆ. ನಮ್ಮ ನರ್ಸುಗಳು, ಎಂಜಿನಿಯರುಗಳು ಕೆಲವರು ಸರ್ಕಾರಿ ಆಸ್ಪತ್ರೆ, ಇಲಾಖೆಗಳಲ್ಲಿದ್ದಾರೆ. ಕೆಲಸದ ವೇಳೆ ಹಿತವಾಗಿದೆ. 2022ರಿಂದ ಒಕ್ಕೂಟ ಸರ್ಕಾರದ ಕಚೇರಿಗಳಿಗೆ ವಾರಕ್ಕೆ ನಾಲ್ಕೂವರೆ ದಿನ, ಶಾರ್ಜಾ ಸರ್ಕಾರದಲ್ಲಿ ನಾಲ್ಕೇ ದಿನ. ಖಾಸಗಿಯಲ್ಲಿ ಕಾನೂನು ವಾರಕ್ಕೆ 48 ಗಂಟೆ ದುಡಿಸಬಹುದು ಎನ್ನುತ್ತದೆ. ಹೆರಿಗೆ ರಜೆ ಒಕ್ಕೂಟ ಸರ್ಕಾರದಲ್ಲಿ ಮೂರು ತಿಂಗಳು, ಖಾಸಗಿಯಲ್ಲಿ 60 ದಿನ, ಅದರಲ್ಲೂ ಕೊನೆಯ 15 ದಿನಕ್ಕೆ ಅರ್ಧ ಸಂಬಳ. ಆದರೆ ಪಿಂಚಣಿಯ ವಿಷಯದಲ್ಲಿ ಇಲ್ಲಿ ಗೆರೆ ಎಳೆದಿರುವುದು ಸರ್ಕಾರಿ ಖಾಸಗಿ ಎಂದಲ್ಲ, ಪಾಸ್‌ಪೋರ್ಟಿನ ಮೇಲೆ. ಯುಎಇ ಪ್ರಜೆ ಖಾಸಗಿ ಕಂಪನಿಯಲ್ಲಿದ್ದರೂ ಪಿಂಚಣಿ ನಿಧಿಗೆ ಸೇರುತ್ತಾನೆ, ನಮ್ಮವರು ಸರ್ಕಾರಿ ಕಚೇರಿಯಲ್ಲಿದ್ದರೂ ಸೇರುವುದಿಲ್ಲ. ತನ್ನ ಪ್ರಜೆಗಳನ್ನು ನೋಡಿಕೊಳ್ಳುವುದು ಆ ದೇಶದ ಹಕ್ಕು, ಅದಕ್ಕೆ ನಾವು ಬೇಸರಪಡುವುದಿಲ್ಲ. ಇಲ್ಲಿ ಪಿಂಚಣಿ ಸಿಕ್ಕೀತು ಎಂದು ಕಾಯುವುದನ್ನು ಮಾತ್ರ ಬಿಡಬೇಕು.

ಇನ್ನೊಂದು ವಿಷಯ ಲೆಕ್ಕದವರಿಗೆ ಮಾತ್ರ ಕಾಣುವಂಥದ್ದು. ಎನ್‌ಪಿಎಸ್ ಹಣ ಪ್ರತಿ ತಿಂಗಳು ಹೊರಗಿನ ನಿಧಿಗೆ ಹೋಗಿ ಕೂರುತ್ತದೆ. ಕೊಲ್ಲಿಯ ಗ್ರಾಚ್ಯುಟಿ ಸಾಮಾನ್ಯವಾಗಿ ಎಲ್ಲೂ ಕೂತಿರುವುದಿಲ್ಲ. ವರ್ಷದ ಕೊನೆಯಲ್ಲಿ ನಾವೇ ಬ್ಯಾಲೆನ್ಸ್ ಶೀಟಿನಲ್ಲಿ 'ಸಿಬ್ಬಂದಿಗೆ ಕೊಡಬೇಕಾದದ್ದು' ಎಂದು ಒಂದು ಸಾಲು ಬರೆಯುತ್ತೇವೆ. ಆ ಸಾಲಿನ ಹಿಂದೆ ಬ್ಯಾಂಕಿನಲ್ಲಿ ಹಣ ಇದೆ ಎಂದಲ್ಲ. ಕಂಪನಿ ಚೆನ್ನಾಗಿದ್ದರೆ ಸಿಗುತ್ತದೆ, ಮುಳುಗಿದರೆ ಸಾಲಗಾರರ ಸಾಲಿನಲ್ಲಿ ನಮ್ಮ ಡ್ರೈವರು, ಸ್ಟೋರ್‌ಕೀಪರುಗಳೂ ನಿಲ್ಲಬೇಕು. ದುಬೈನ ಹಣಕಾಸು ವಲಯ ಡಿಐಎಫ್‌ಸಿ ಇದನ್ನು 2020ರಲ್ಲೇ ಸರಿಪಡಿಸಿತು. ಅಲ್ಲಿನ ಕಂಪನಿಗಳು ಬೇಸಿಕ್‌ನ ಶೇ 5.83 ಅಥವಾ ಐದು ವರ್ಷ ಮೀರಿದವರಿಗೆ ಶೇ 8.33ನ್ನು ಪ್ರತಿ ತಿಂಗಳು ನಿಧಿಗೆ ಕಟ್ಟಬೇಕು. 21 ದಿನ, 30 ದಿನದ ಹಳೆಯ ಲೆಕ್ಕವೇ ಅದು, ಹಣ ಮಾತ್ರ ಹೊರಗೆ ಭದ್ರ. ದುಬೈ ಸರ್ಕಾರ ತನ್ನ ವಿದೇಶಿ ನೌಕರರಿಗೆ 2022ರಲ್ಲಿ ಇಂಥ ಉಳಿತಾಯ ಯೋಜನೆ ತಂದಿತು. 2023ರಲ್ಲಿ ದೇಶದ ಉಳಿದ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು, ಆದರೆ ಸೇರುವುದು ಬಿಡುವುದು ಮಾಲೀಕರ ಇಷ್ಟ. ಇದು ಕಡ್ಡಾಯವಾಗಲಿ ಎಂಬುದು ನಮ್ಮ ಆಸೆ. ಅಲ್ಲಿಯವರೆಗೆ ನಮ್ಮ ಸಂಘಗಳು ರಾಜ್ಯೋತ್ಸವದ ಊಟದ ನಡುವೆ ಅರ್ಧ ಗಂಟೆ ಇದಕ್ಕೂ ಕೊಟ್ಟರೆ, ವೇದಿಕೆಯಲ್ಲಿ ಸನ್ಮಾನ ಸ್ವೀಕರಿಸುವ ನಮ್ಮದೇ ಕನ್ನಡಿಗ ಉದ್ಯಮಿಗಳನ್ನು 'ನಿಮ್ಮ ಕಂಪನಿ ಸೇರಿದೆಯೇ?' ಎಂದು ಕೇಳಿದರೆ ತಪ್ಪೇನಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಬರಬೇಡಿ ಎನ್ನುತ್ತಿದ್ದೇವೆಯೇ? ಇಲ್ಲ. ಸರ್ಕಾರಿ ಕೆಲಸ ಎಂಬುದು ಕೇಳಿದ ಕೂಡಲೇ ಸಿಗುವ ವಸ್ತುವಲ್ಲ. ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯನ್ನು 2024ರಲ್ಲಿ ಎರಡು ಸಲ ಬರೆಸಬೇಕಾಯಿತು, ಕಾರಣ ಕನ್ನಡ ಪ್ರಶ್ನೆಪತ್ರಿಕೆಯ ಅನುವಾದದ ತಪ್ಪುಗಳು. ಕರ್ನಾಟಕದಲ್ಲೇ ಕನ್ನಡಕ್ಕೆ ಹೀಗಾದರೆ ದೂರದಲ್ಲಿರುವ ನಾವು ಏನು ಹೇಳೋಣ? ಕೋಚಿಂಗ್ ಸೆಂಟರಿನಲ್ಲಿ ಐದು ವರ್ಷ ಕಾಯುವುದೂ ಒಂದು ಖರ್ಚು, ಅದನ್ನೂ ಪಟ್ಟಿಗೆ ಬರೆಯಬೇಕು. ಬೆಂಗಳೂರಿನ ಖಾಸಗಿ ಕೆಲಸವೂ ಪಿಂಚಣಿಯ ವಿಷಯದಲ್ಲಿ ಹೆಚ್ಚು ಆಸರೆಯಲ್ಲ. ಇಪಿಎಫ್ ಮೊತ್ತ ಬೆಳೆಯುತ್ತದೆ, ನಿಜ. ಆದರೆ ಅದರೊಳಗಿನ ಪಿಂಚಣಿಗೆ 15,000ದ ಮಿತಿಯಲ್ಲಿ ಹೋಗುವುದು ತಿಂಗಳಿಗೆ 1,250 ರೂಪಾಯಿ.

ಕೈಗೆ ಬರುವ ಹಣದ ಮಟ್ಟಿಗೆ ಕೊಲ್ಲಿಯೇ ಮುಂದೆ, ಅದರಲ್ಲೂ ಒಬ್ಬರೇ ಇದ್ದು ಕುಟುಂಬ ಊರಲ್ಲಿದ್ದಾಗ. ಆದಾಯ ತೆರಿಗೆ ಇಲ್ಲ. ಕುಟುಂಬವನ್ನು ಕರೆಸಿಕೊಂಡರೆ ಬಾಡಿಗೆ ಮತ್ತು ಶಾಲೆಯ ಫೀಸು ಆ ಮುನ್ನಡೆಯನ್ನು ಬೇಗ ತಿಂದುಹಾಕುತ್ತವೆ. ದುಬೈಯಲ್ಲಿ ನೌಕರನ ಆರೋಗ್ಯ ವಿಮೆ ಕಂಪನಿಯ ಹೊಣೆ, ಹೆಂಡತಿ ಮಕ್ಕಳದ್ದು ಕರೆಸಿಕೊಂಡವರ ಹೊಣೆ.

ನಮ್ಮ ಲೆಕ್ಕ ಇಷ್ಟೆ. ಎಸ್‌ಡಿಎಯ ಎನ್‌ಪಿಎಸ್ ಖಾತೆಗೆ ಬೀಳುವ 8,184 ರೂಪಾಯಿ ಎಂದರೆ ಸುಮಾರು 356 ದಿರ್ಹಮ್. ಐದು ಸಾವಿರ ದುಡಿಯುವವರಿಗೆ ಇದು ಅಸಾಧ್ಯದ ಮೊತ್ತವಲ್ಲ. ತುಟ್ಟಿಭತ್ಯೆ, ಬಡ್ತಿಗಳನ್ನೂ ಸರಿಗಟ್ಟಲು 500 ಎಂದೇ ಇಟ್ಟುಕೊಳ್ಳಿ. ಸರ್ಕಾರ ತನ್ನ ನೌಕರನಿಗೆ ಕೇಳದೆಯೇ ಮಾಡುವುದನ್ನು ಇಲ್ಲಿ ನಮಗೆ ನಾವೇ ಮಾಡಿಕೊಳ್ಳಬೇಕು, ಸಂಬಳ ಬಂದ ದಿನವೇ, ಊರಿಗೆ ಕಳಿಸುವ ಮುಂಚೆ. ಅನಿವಾಸಿಗಳೂ ತಮ್ಮ ಎನ್‌ಆರ್‌ಇ ಖಾತೆಯ ಮೂಲಕ ಎನ್‌ಪಿಎಸ್ ತೆರೆಯಬಹುದು. ಬೇರೆ ದಾರಿ ಹಿಡಿದರೂ ಆದೀತು, ಸುಲಭವಾಗಿ ತೆಗೆಯಲು ಬಾರದಂತಿರಲಿ. ಇದಕ್ಕೆ ಊರಿನವರ ಸಹಕಾರ ಬೇಕು. ಈ ತಿಂಗಳು ಹನ್ನೆರಡು ಸಾವಿರ ಕಡಿಮೆ ಬಂತು ಎಂದರೆ ಮಗ ಬದಲಾದ ಎಂದು ತಾಯಿ ಅಂದುಕೊಳ್ಳಬಾರದು. ಬೆಂಗಳೂರಿನಲ್ಲಿ ಮೊದಲು ಕೆಲಸ ಮಾಡಿ ಬಂದವರ ಹಳೆಯ ಇಪಿಎಫ್ ಖಾತೆ ಇದ್ದರೆ ಅದರ ಯುಎಎನ್ ಸಂಖ್ಯೆಯನ್ನೂ ಮನೆಯ ಡೈರಿಯಲ್ಲಿ ಬರೆದಿಡಿ.

ಮುಂದಿನ ಸಲ ಫೋನಿನಲ್ಲಿ 'ಸಂಬಳ ಎಷ್ಟು?' ಎಂದು ಕೇಳಿದ ಮೇಲೆ 'ಅದರಲ್ಲಿ ಬೇಸಿಕ್ ಎಷ್ಟು?' ಎಂದೂ ಕೇಳಿ. ಹೊಸದಾಗಿ ಬರುವವರು ಸಹಿ ಹಾಕುವ ಮೊದಲೇ ಬೇಸಿಕ್ ಹೆಚ್ಚಿಸಲು ಕೇಳಬೇಕು. ಆಗ ಕೇಳಿದರೆ ಎಷ್ಟೋ ಕಂಪನಿಗಳು ಒಪ್ಪುತ್ತವೆ, ಅವರ ಆ ತಿಂಗಳ ಖರ್ಚು ಹೆಚ್ಚುವುದಿಲ್ಲವಲ್ಲ. ಈಗಾಗಲೇ ಇಲ್ಲಿರುವವರಿಗೆ ಒಪ್ಪಂದ ನವೀಕರಣದ ವೇಳೆಯೇ ಸಂದರ್ಭ. ಒಪ್ಪಂದದ ಒಂದು ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಮನೆಗೂ ಕಳಿಸಿ, ಬೇಸಿಕ್ ಇರುವ ಸಾಲಿಗೆ ಗುರುತು ಹಾಕಿ.