ಡಬ್ಬಿ ತರುವ ರೋಬಾಟ್ ಪ್ರಶ್ನೆ ಕೇಳೀತೇ?

ಉಗ್ರಾಣದ ಕಪಾಟನ್ನೇ ಹೊತ್ತು ತರುವ ರೋಬಾಟ್‌ಗಳಿಗಾಗಿ ಅಮೆಜಾನ್ ಸಂಸ್ಥೆ 2012ರಲ್ಲಿ ಕಿವಾ ಸಿಸ್ಟಮ್ಸ್ ಕಂಪನಿಯನ್ನು 77.5 ಕೋಟಿ ಡಾಲರ್‌ಗೆ ಖರೀದಿಸಿತು. 2025ರಲ್ಲಿ ಅದರ ರೋಬಾಟ್‌ಗಳ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. ಸಣ್ಣ ಡಬ್ಬಿ, ಬಾರ್‌ಕೋಡ್, ದೀರ್ಘ ಬಾಳಿಕೆ. ವಿಟಮಿನ್ ಮಾತ್ರೆಗಳ ವ್ಯಾಪಾರವಂತೂ ಇಂಥ ಯಂತ್ರಗಳಿಗೆ ಹೇಳಿ ಮಾಡಿಸಿದಂತಿದೆ.

ತೊಡಕಿರುವುದು ಬೇರೆಡೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವವರು ವಿಟಮಿನ್ ಕೆ ಮಾತ್ರೆ ನುಂಗಿದರೆ ಆ ಔಷಧದ ಪರಿಣಾಮ ಕುಗ್ಗುತ್ತದೆ. ಔಷಧ ಅಂಗಡಿಯ ಫಾರ್ಮಸಿಸ್ಟ್ ಈ ಬಗ್ಗೆ ವಿಚಾರಿಸಿಯಾನು (ವಿಚಾರಿಸದವರೂ ಉಂಟೆನ್ನಿ). ರೋಬಾಟ್ ವಿಚಾರಿಸದು. ಭಾರತದಲ್ಲಿ ಇಂಥ ಪೂರಕಗಳು 2016ರ ನಿಯಮಾವಳಿಯಂತೆ ಆಹಾರದ ಸಾಲಿಗೆ ಸೇರುತ್ತವೆ; ಮಾರಾಟಕ್ಕೆ ಫಾರ್ಮಸಿಸ್ಟ್ ಬೇಕಿಲ್ಲ. ಹಾಗಾಗಿ, ಹಣ ಪಾವತಿಗೆ ಮುನ್ನ ಗ್ರಾಹಕ ಸೇವಿಸುತ್ತಿರುವ ಔಷಧಗಳನ್ನು ಕೇಳಿ ತಿಳಿಯುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರವು ಆನ್‌ಲೈನ್ ಮಾರಾಟಗಾರರಿಗೆ ಕಡ್ಡಾಯಗೊಳಿಸಬೇಕು.