ಎಲ್5 ಎಂದರೆ ಯಾವ ಮೂಳೆ? ವರದಿಯಲ್ಲೇ ಬರೆಯಲಿ

ಸೊಂಟನೋವೆಂದು ಆಸ್ಪತ್ರೆಗೆ ಹೋದವರ ಕೈಗೆ ಎಂಆರ್‌ಐ ವರದಿ ಬರುತ್ತದೆ. ‘ಎಲ್4–ಎಲ್5 ಡಿಸ್ಕ್ ಬಲ್ಜ್’ ಎಂಬ ಸಾಲನ್ನು ಮನೆಮಂದಿಯೆಲ್ಲ ಮತ್ತೆ ಮತ್ತೆ ಓದುತ್ತಾರೆ. ಆಪರೇಷನ್ ಬೇಕೋ ಬೇಡವೋ ಎಂಬ ಮಾತೂ ಆ ಸಂಖ್ಯೆ ಹಿಡಿದೇ ನಡೆಯುತ್ತದೆ. ಆದರೆ ಮೂಳೆಗಳನ್ನು ಎಲ್ಲಿಂದ ಎಣಿಸಿದರು ಎಂಬುದು ಅನೇಕ ವರದಿಗಳಲ್ಲಿ ಇರುವುದೇ ಇಲ್ಲ. ಅದನ್ನು ಬರೆಯುವುದು ಕಡ್ಡಾಯವಾಗಬೇಕು.

ಲೆಕ್ಕ ಮೇಲ್ನೋಟಕ್ಕೆ ಸುಲಭ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಮೂಳೆಗಳು. ಇವಕ್ಕೆ ಕ್ರಮವಾಗಿ ಸಿ, ಟಿ, ಎಲ್ ಎಂಬ ಅಕ್ಷರಗಳು. ಅದರ ಕೆಳಗಿನ 5 ಬೆಸೆದು ತ್ರಿಕಾಸ್ಥಿಯಾಗುತ್ತವೆ, ಕೊನೆಯ ಸಣ್ಣ ಚೂರುಗಳು ಬಾಲದ ಮೂಳೆಯಾಗುತ್ತವೆ. ಹುಟ್ಟುವಾಗ ಸುಮಾರು 33 ಇದ್ದದ್ದು ದೊಡ್ಡವರಲ್ಲಿ 26ಕ್ಕೆ ಇಳಿಯುವುದು ಹೀಗೆ. ತಲೆ ಬಗ್ಗಿಸಿ ಕತ್ತಿನ ಹಿಂದೆ ಬೆರಳಾಡಿಸಿದರೆ ಉಬ್ಬಿಕೊಂಡು ಸಿಗುವ ಗಂಟು ಸಾಮಾನ್ಯವಾಗಿ ಸಿ7. ಕೆಲವರಲ್ಲಿ ಅದಕ್ಕಿಂತ ಟಿ1 ಎದ್ದು ಕಾಣುತ್ತದೆ.

ತೊಡಕು ಇರುವುದು ಕೆಳತುದಿಯಲ್ಲಿ. ಕೆಲವರಿಗೆ ಸೊಂಟದ ಐದನೆಯ ಮೂಳೆ ಒಂದು ಬದಿಯಲ್ಲೋ ಎರಡೂ ಬದಿಯಲ್ಲೋ ತ್ರಿಕಾಸ್ಥಿಗೆ ಅಂಟಿಕೊಂಡಿರುತ್ತದೆ. ಇನ್ನು ಕೆಲವರಲ್ಲಿ ತ್ರಿಕಾಸ್ಥಿಯ ಮೊದಲ ತುಂಡೇ ಬಿಡಿಯಾಗಿದ್ದು, ಸೊಂಟದಲ್ಲಿ ಆರು ಮೂಳೆ ಇದ್ದಂತೆ ಕಾಣುತ್ತದೆ. ಇದು ಕಾಯಿಲೆಯಲ್ಲ, ಅಪರೂಪವೂ ಅಲ್ಲ. ಸೊಂಟದ ಚಿತ್ರವನ್ನಷ್ಟೇ ತೆಗೆದು ಕೆಳಗಿನಿಂದ ಎಣಿಸಿದವರಿಗೆ ಎಲ್4 ಆದದ್ದು, ಸಿ2ರಿಂದ ಇಳಿಯುತ್ತ ಎಣಿಸಿದವರಿಗೆ ಎಲ್5 ಆಗಬಹುದು. ವರದಿ ಬರೆದವರದು ಒಂದು ಎಣಿಕೆ, ಆಪರೇಷನ್ ಟೇಬಲ್ ಬಳಿ ಎಕ್ಸ್‌ರೇ ನೋಡುವವರದು ಇನ್ನೊಂದು ಎಣಿಕೆಯಾದರೆ, ಕತ್ತರಿ ನೋವಿಲ್ಲದ ಡಿಸ್ಕಿನ ಮೇಲೆ ಬೀಳುತ್ತದೆ.

ನುರಿತ ಕೈಯನ್ನು ನಂಬಿ ಕೂರುವಂತೆಯೂ ಇಲ್ಲ. ಬೆನ್ನಿಗೆ ಅರಿವಳಿಕೆ ಸೂಜಿ ಚುಚ್ಚುವ ವೈದ್ಯರು ಸೊಂಟದ ಎರಡೂ ಬದಿಯ ಎಲುಬಿನ ಏಣನ್ನು ಮುಟ್ಟಿ, ನಡುವೆ ಗೆರೆ ಎಳೆದಂತೆ ಊಹಿಸಿ, ಅದು ಎಲ್4ರ ಮಟ್ಟ ಎಂದು ಹಿಡಿಯುತ್ತಾರೆ. 2000ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರಿವಳಿಕೆ ತಜ್ಞರು ಬೆರಳಿನಿಂದ ಗುರುತಿಸಿದ ಸಂದುಗಳನ್ನು ಎಂಆರ್‌ಐ ಜೊತೆ ತಾಳೆ ನೋಡಿದಾಗ ಸರಿಬಂದದ್ದು ಶೇ 29 ಮಾತ್ರ. ಹೆಚ್ಚಿನವು ಅಂದುಕೊಂಡದ್ದಕ್ಕಿಂತ ಮೇಲಿದ್ದವು. ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಮುಗಿಯುವುದು ಎಲ್1–ಎಲ್2ರ ಆಸುಪಾಸಿನಲ್ಲಿ. ಸೂಜಿ ಅದಕ್ಕಿಂತ ಮೇಲಕ್ಕೆ ಹೋಗಬಾರದು.

ಪರಿಹಾರಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಸೊಂಟದ ಸ್ಕ್ಯಾನ್ ಜೊತೆಗೇ ಕುತ್ತಿಗೆಯಿಂದ ಕೆಳಗಿನವರೆಗೆ ಎಣಿಕೆಗೆ ಸಾಕಾಗುವಷ್ಟು ಒಂದು ಚಿತ್ರ ತೆಗೆಯಬಹುದು, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ವರದಿಯ ಮೊದಲ ಸಾಲು ಹೀಗಿರಲಿ: ‘ಸಿ2ರಿಂದ ಕೆಳಕ್ಕೆ ಎಣಿಸಲಾಗಿದೆ, ಎಲ್5 ಎಡಬದಿಯಲ್ಲಿ ತ್ರಿಕಾಸ್ಥಿಗೆ ಬೆಸೆದಿದೆ.’ ಆಪರೇಷನ್‌ಗೆ ಒಪ್ಪಿಗೆಯ ಸಹಿ ಹಾಕುವ ಮುನ್ನ ಈ ಸಾಲನ್ನು ಕೇಳಿ ಪಡೆಯುವ ಹಕ್ಕು ರೋಗಿಗೆ ಇರಬೇಕು.